ಹಿತಾಸಕ್ತಿ ಇರುವವರು ಆಚೆ ಹೋಗಿ

ನಮ್ಮ ಭಾವನವರು ಇದುವರೆಗೆ ಯಾರ ನಾಡಿಯನ್ನೂ ಹಿಡಿದು ನೋಡಿದವರಲ್ಲ. ಥರ್ಮಾಮೀಟರಿನಲ್ಲಿ ಜ್ವರ ಎಷ್ಟಿದೆ ಎಂದು ಓದಲು ಬಾರದು. ಇಂಜೆಕ್ಷನ್ ಸೂಜಿ ಕಂಡರೆ ಮುಖ ಗೋಡೆಯ ಕಡೆಗೆ ತಿರುಗುತ್ತದೆ. ಆದರೂ ಅವರ ಅಪ್ಪಣೆಯಿಲ್ಲದೆ ನಮ್ಮ ವಂಶದಲ್ಲಿ ಯಾರೂ ಒಂದು ಸೀನನ್ನೂ ಸೀನುವ ಹಾಗಿಲ್ಲ! ಅಪ್ಪಿತಪ್ಪಿ ಸೀನಿದಿರೋ, ಬಸವೇಶ್ವರನಗರದಿಂದ ಫೋನು ಬಂದೇ ಬರುತ್ತದೆ.

"ಯಾವ ಡಾಕ್ಟ್ರಿಗೆ ತೋರಿಸ್ತಾ ಇದೀರಾ? ಅವರ ವೃತ್ತಿ ಹಿನ್ನೆಲೆ ಏನು?"

ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ಅವರ ಮನೆ ಬಸವೇಶ್ವರನಗರದಲ್ಲಿ. ನಮ್ಮದು ವಿಜಯನಗರದಲ್ಲಿ, ಮಾರೇನಹಳ್ಳಿಗೆ ಅಂಟಿಕೊಂಡ ಹಾಗೆ. ನಡುವೆ ಮಾಗಡಿ ರೋಡು ಇದೆ, ಅದರ ಟ್ರಾಫಿಕ್ಕು ಇದೆ. ಎಲ್ಲರೂ ಬೈಯುವ ಆ ಟ್ರಾಫಿಕ್ಕನ್ನು ನಾನು ಮಾತ್ರ ಶಿವನ ಸಣ್ಣಪುಟ್ಟ ಕೃಪೆಗಳ ಲೆಕ್ಕದಲ್ಲಿ ಸೇರಿಸಿದ್ದೇನೆ. ಅದೊಂದು ಇಲ್ಲದಿದ್ದರೆ ಭಾವನವರು ದಿನಾ ಬರುತ್ತಿದ್ದರು! ಪ್ರೀತಿ ಇಲ್ಲದೆ ಹೇಳುವ ಮಾತಲ್ಲ ಇದು, ತಪ್ಪು ತಿಳಿಯಬೇಡಿ. ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ, ಇಸ್ತ್ರಿಯಾದ ತುಂಬುತೋಳಿನ ಅಂಗಿಯ ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಅವರು ಬಾಗಿಲಲ್ಲಿ ನಿಂತರೆ ಮನೆಗೆ ಒಂದು ಕಳೆಯೇ ಬರುತ್ತದೆ. ಒಂದು ಪೆನ್ನು ಬರೆಯುವುದಕ್ಕೆ. ಇನ್ನೊಂದು, ಬ್ಯಾಂಕಿನಲ್ಲಿ ಯಾರಾದರೂ ಕೇಳಿದರೆ ಇಲ್ಲ ಎನ್ನಬಾರದಲ್ಲ, ಅದಕ್ಕೆ.

ಅವರು ಕೆಲಸ ಮಾಡಿದ್ದು ಒಂದು ಸರ್ಕಾರಿ ಮಂಡಳಿಯ ಕಚೇರಿಯಲ್ಲಿ. ಆಸ್ಪತ್ರೆಗಳು, ನರ್ಸಿಂಗ್ ಹೋಮುಗಳು ನಿಯಮದ ಪ್ರಕಾರ ನಡೆಯುತ್ತಿವೆಯೇ, ಅಲ್ಲಿಯವರು ಮಾಡಬಾರದ್ದೇನಾದರೂ ಮಾಡಿದರೇ ಎಂದು ವಿಚಾರಿಸುವ ಮಂಡಳಿ. ಭಾವನವರು ಅಲ್ಲಿ ಸೂಪರಿಂಟೆಂಡೆಂಟ್. ಮಂಡಳಿಗೆ ಹೊಸ ಸದಸ್ಯರು ಬಂದಾಗಲೆಲ್ಲ, ಅವರು ಹಿಂದೆ ಎಲ್ಲೆಲ್ಲಿ ಏನೇನು ಕೆಲಸ ಮಾಡಿದ್ದರು ಎಂಬುದನ್ನು ಕಲೆಹಾಕಿ, ಮೊದಲ ಸಭೆಯಲ್ಲಿ ಎದ್ದು ನಿಂತು ಓದಿ ಹೇಳುವುದು ಅವರ ಪಾಲಿನ ಕೆಲಸ. ಆಪರೇಶನ್ ಮಾಡುವ ವೈದ್ಯರು ಒಬ್ಬರು, ನರ್ಸಿಂಗ್ ಕಡೆಯವರು ಒಬ್ಬರು, ಔಷಧಿಯ ಕಡೆಯವರು ಒಬ್ಬರು, ಒಬ್ಬ ವಕೀಲರು, ಒಬ್ಬ ಆಡಿಟರು. ಇಷ್ಟು ಜನ ಸಾಲದೆಂದು, ವೈದ್ಯಕೀಯದ ಗಂಧಗಾಳಿಯೇ ಇಲ್ಲದ ಒಬ್ಬ ಸಾರ್ವಜನಿಕ ಸದಸ್ಯರು. ಈ ಕೊನೆಯವರ ವಿಷಯ ಬಂದರೆ ಭಾವನವರ ಮುಖ ಅರಳುತ್ತದೆ.

"ಅಲ್ಲ ಭಾವ, ಏನೂ ಗೊತ್ತಿಲ್ಲದೋರನ್ನ ಯಾಕೆ ಕೂರಿಸ್ಕೊಳ್ತಾರೆ?" ಎಂದು ನಾನು ಒಮ್ಮೆ ಕೇಳಿದ್ದೆ.

"ಗೊತ್ತಿರೋರು ಆಡೋ ಮಾತು ಗೊತ್ತಿಲ್ಲದೋರಿಗೆ ಅರ್ಥ ಆಗ್ತಿದೆಯಾ ಅಂತ ನೋಡ್ಬೇಕಲ್ಲಮ್ಮ! ಒಂದ್ಸಲ ಒಬ್ರು ಸಂಗೀತದ ಮೇಡಂ ಇದ್ರು. ಡಾಕ್ಟ್ರುಗಳು ಇಂಗ್ಲಿಷ್‌ನಲ್ಲಿ ಶುರು ಹಚ್ಕೊಂಡ್ರೆ, 'ಸ್ವಲ್ಪ ಕೆಳಗಿನ ಶ್ರುತಿಯಲ್ಲಿ ಹೇಳಿ' ಅಂತಿದ್ರು."

"ಹಾಗಾದ್ರೆ ನನ್ನ ಹೆಸರು ಕೊಟ್ಬಿಡಿ. ನನಗೂ ಏನೂ ಗೊತ್ತಿಲ್ಲ."

ಭಾವನವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಿಜವಾಗಿಯೂ ಯೋಚಿಸಿದರು! ಆಮೇಲೆ ತಲೆಯಾಡಿಸಿದರು.

"ನಿನಗೆ ಆಗಲ್ಲಮ್ಮ. ನೀನು ಕೆಮ್ಮಿಗೆ ಕಷಾಯ ಕಾಸ್ತೀಯ. ವೈದ್ಯಕೀಯ ಹಿನ್ನೆಲೆ ಬಂದ್ಬಿಡ್ತು."

ಹೀಗೆ ಒಂದು ಲೋಟ ಕಷಾಯದಿಂದ ನನ್ನ ಅಧಿಕಾರ ತಪ್ಪಿಹೋಯಿತು.

ನಿವೃತ್ತಿಯಾದ ಮೇಲೆ ಆ ಕಚೇರಿ ಭಾವನವರನ್ನು ಬಿಟ್ಟಿತು. ಭಾವನವರು ಕಚೇರಿಯನ್ನು ಬಿಡಲಿಲ್ಲ. ಪರಿಚಯ ಮಾಡಿಸುವ ನಾಲಿಗೆ ಸುಮ್ಮನಿರಬೇಕಲ್ಲ! ಅನ್ನಪೂರ್ಣೇಶ್ವರಿ ನಗರದಲ್ಲಿ ನಮ್ಮ ನೆಂಟರ ಗೃಹಪ್ರವೇಶವಿತ್ತು. ಎಲ್ಲರೂ ದೇವರಮನೆ ನೋಡಲು ಹೋದರೆ ಭಾವನವರು ಹಿತ್ತಲಿನ ಒಲೆಯ ಹತ್ತಿರ ಹೋದರು. ಅಡುಗೆಯವರು ಪಾಪ, ಹೋಳಿಗೆ ಬೇಯಿಸುತ್ತ ಬೆವರಿನಲ್ಲಿ ಮುಳುಗಿದ್ದಾರೆ.

"ತಾವು ಈ ಕ್ಷೇತ್ರಕ್ಕೆ ಬರೋದಕ್ಕೆ ಮೊದಲು ಎಲ್ಲಿದ್ರಿ?"

"ಯಾವ ಕ್ಷೇತ್ರ ಸಾರ್? ಧರ್ಮಸ್ಥಳಕ್ಕೆ ಹೋಗಿ ಎರಡು ವರ್ಷ ಆಯ್ತು."

"ಅದಲ್ಲಪ್ಪ, ಅಡುಗೆಗೆ ಮೊದಲು?"

"ಆಟೋ ಓಡಿಸ್ತಿದ್ದೆ ಸಾರ್, ಕೆಂಗೇರಿ ಲೈನಲ್ಲಿ."

ಅಷ್ಟು ಸಾಕಾಯಿತು. ಊಟದ ಪಂಕ್ತಿ ಕೂತು, ಎಲೆಗೆ ಉಪ್ಪು ಬಿದ್ದ ಕೂಡಲೆ ಭಾವನವರು ಎದ್ದು ನಿಂತರು. "ಇಂದಿನ ಅಡುಗೆಯ ನೇತೃತ್ವ ವಹಿಸಿರುವ ಶ್ರೀಯುತರು ಸಾರಿಗೆ ಕ್ಷೇತ್ರದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ, ಅನಂತರ ಆಹಾರ ಕ್ಷೇತ್ರಕ್ಕೆ ಬಂದವರು" ಎಂದು ಓದಿದ ಹಾಗೆ ಹೇಳಿದರು. ಪಂಕ್ತಿಗೆ ಪಂಕ್ತಿಯೇ ಕೈ ಎಲೆಯ ಮೇಲಿಟ್ಟುಕೊಂಡು ಕಾಯಿತು. ನಾನು ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆದರೆ ಆ ಅಡುಗೆಯವರ ಮುಖ ನೋಡಬೇಕಿತ್ತು! ಎಷ್ಟು ಮದುವೆ, ಎಷ್ಟು ನಾಮಕರಣಗಳಿಗೆ ಬಡಿಸಿದವರೋ. ಅವರನ್ನು ಯಾರೂ ಹೀಗೆ ನಾಲ್ಕು ಜನರ ಮುಂದೆ ಶ್ರೀಯುತರು ಎಂದಿರಲಿಲ್ಲ. ಸೌಟು ಬಿಟ್ಟು ಓಡಿ ಬಂದು ಭಾವನವರ ಎಲೆಗೆ ಮೂರು ಹೋಳಿಗೆ ಒಟ್ಟಿಗೆ ಹಾಕಿ, ಮೇಲೆ ತುಪ್ಪ ಸುರಿದರು. ಭಾವನವರಿಗೆ ಸಕ್ಕರೆ ಕಾಯಿಲೆ ಇದೆ. ಆ ಮೂರೂ ಹೋಳಿಗೆ ಪಕ್ಕದಲ್ಲಿದ್ದ ನನ್ನ ಎಲೆಗೆ ಬಂದವು. ಶಿವ ಕೊಟ್ಟಾಗ ಬೇಡ ಎನ್ನುವುದುಂಟೆ?

ಇನ್ನು ಡಾಕ್ಟರುಗಳ ಕಥೆ. ನನಗೆ ದವಡೆಯ ಹಲ್ಲು ನೋವು ಬಂದಾಗ ರಾಜಾಜಿನಗರದ ಒಬ್ಬ ದಂತವೈದ್ಯರ ಹತ್ತಿರ ಭಾವನವರೇ ಕರೆದುಕೊಂಡು ಹೋದರು. ನಾನು ಆ ಉದ್ದದ ಕುರ್ಚಿಯ ಮೇಲೆ ಮಲಗಿ ಬಾಯಿ ತೆರೆದಿದ್ದೇನೆ. ಡಾಕ್ಟರು ಇನ್ನೇನು ಯಂತ್ರ ಒಳಗೆ ಇಡಬೇಕು, ಆಗ ಭಾವನವರು ಕೆಮ್ಮಿದರು.

"ಡಾಕ್ಟ್ರೇ, ದಂತವೈದ್ಯಕ್ಕೆ ಬರೋದಕ್ಕೆ ಮೊದಲು ತಾವು?"

"ಮೊದಲು ಪಿಯುಸಿ ಓದ್ತಿದ್ದೆ ಸಾರ್."

"ಅದು ಸರಿ. ತಂದೆಯವರು?"

"ಅಪ್ಪಂದು ವಾಚ್ ರಿಪೇರಿ ಅಂಗಡಿ. ರಜದಲ್ಲಿ ನಾನೂ ಕೂತ್ಕೊಳ್ತಿದ್ದೆ."

"ಓಹೋ!" ಎಂದರು ಭಾವನವರು. ನಿಧಿ ಸಿಕ್ಕಿದವರ ಓಹೋ ಅದು. ಅಲ್ಲಿಂದ ಶುರುವಾಯಿತು ನೋಡಿ, ಕೀ ಕೊಡುವ ವಾಚು, ಕೀ ಕೊಡದ ವಾಚು, ಮುಳ್ಳು, ಚಕ್ರ, ಸ್ಪ್ರಿಂಗು. ಡಾಕ್ಟರಿಗೂ ಅಪ್ಪನ ನೆನಪು ಉಕ್ಕಿ ಬಂತು. ಇಬ್ಬರೂ ನನ್ನ ಬಾಯಿಯ ಆಚೆ ಒಬ್ಬರು ಈಚೆ ಒಬ್ಬರು ನಿಂತು, ಬಾವಿಕಟ್ಟೆಯ ಮೇಲೆ ಹರಟುವವರ ಹಾಗೆ ಮಾತಾಡುತ್ತಲೇ ಇದ್ದರು. ನಾನು ಬಾಯಿ ಮುಚ್ಚಿದರೆ ಡಾಕ್ಟರು ಮಾತಿನ ನಡುವೆಯೇ, "ತೆಗೀರಿ ಆಂಟಿ, ತೆಗೀರಿ" ಎನ್ನುತ್ತಿದ್ದರು. ಮನೆಗೆ ಬಂದು ಹೇಳಿಕೊಂಡರೆ ನಮ್ಮ ಯಜಮಾನರು ಏನೆನ್ನಬೇಕು? "ಅಷ್ಟು ಹೊತ್ತು ಬಾಯಿ ತೆಗೆದಿದ್ದೂ ನೀನು ಮಾತಾಡ್ಲಿಲ್ವಾ! ನಾನೂ ಬರ್ಬೇಕಿತ್ತು ನೋಡೋಕೆ."

ಹಲ್ಲು ಮಾತ್ರ ಇವತ್ತಿಗೂ ಗಟ್ಟಿಯಾಗಿದೆ. ಚಕ್ಕುಲಿಯನ್ನು ಅದೇ ದವಡೆಯಲ್ಲಿ ಕಡಿಯುತ್ತೇನೆ.

ಇದನ್ನೆಲ್ಲ ಸಹಿಸಬಹುದು. ಆದರೆ ಮಂಡಳಿಯಿಂದ ಭಾವನವರು ಇನ್ನೊಂದು ಆಸ್ತಿ ತಂದಿದ್ದರು. ಅದರ ಹೆಸರು ಹಿತಾಸಕ್ತಿ. ಸಭೆಯಲ್ಲಿ ಯಾವುದಾದರೂ ವಿಷಯ ಚರ್ಚೆಗೆ ಬಂದಾಗ, ಅದರಲ್ಲಿ ಒಬ್ಬ ಸದಸ್ಯರಿಗೆ ಸ್ವಂತದ ಲಾಭನಷ್ಟವೋ ನಂಟೋ ಇದ್ದರೆ, ಅವರು ಎದ್ದು ನಿಂತು ಹಾಗೆಂದು ಹೇಳಿ ಕೋಣೆಯಿಂದ ಆಚೆ ಹೋಗಬೇಕಂತೆ. ತೀರ್ಮಾನವಾದ ಮೇಲೆಯೇ ಒಳಕ್ಕೆ. ತಮ್ಮನ ನರ್ಸಿಂಗ್ ಹೋಮಿನ ಮೇಲೆ ದೂರು ಬಂದರೆ ಅಣ್ಣ ಕೂತು ನ್ಯಾಯ ಹೇಳಬಾರದಲ್ಲ. ಒಳ್ಳೆಯ ನಿಯಮವೇ. ಮಂಡಳಿಯಲ್ಲಿ! ಮನೆಯಲ್ಲಿ?

ನಮ್ಮ ಹಳೆಯ ಗ್ರೈಂಡರಿನ ಮೋಟರು ಸುಟ್ಟುಹೋಗಿತ್ತು. ಹೊಸದು ಯಾವುದು ತರುವುದು ಎಂದು ಅಣ್ಣತಮ್ಮಂದಿರು ನಮ್ಮ ಹಾಲ್‌ನಲ್ಲಿ ಕೂತರು. ನಾನು ಕಾಫಿ ತಂದಿಟ್ಟು ನಾನೂ ಕೂತೆ.

"ಈ ವಿಷಯದಲ್ಲಿ ಯಾರಿಗಾದ್ರೂ ಹಿತಾಸಕ್ತಿ ಇದೆಯಾ?" ಎಂದರು ಭಾವನವರು.

"ನನಗಿದೆ ಭಾವ. ರುಬ್ಬೋಳು ನಾನೇ ತಾನೆ?"

"ಹಾಗಾದ್ರೆ ನೀನು ಆಚೆ ಹೋಗಮ್ಮ."

"ಅಲ್ಲ ಭಾವ, ಗ್ರೈಂಡರು ತರ್ತಿರೋದೇ ನನಗೆ..."

"ಅದಕ್ಕೇ ಹೇಳಿದ್ದು."

ನಾನು ಬಾಲ್ಕನಿಯಲ್ಲಿ ಕುಂಡದ ಪತ್ರೆ ಗಿಡದ ಎಲೆ ಎಣಿಸುತ್ತ ನಿಂತೆ. ಒಳಗೆ, ಜನ್ಮದಲ್ಲಿ ಒಂದು ಹಿಡಿ ಅಕ್ಕಿ ರುಬ್ಬದ ಇಬ್ಬರು ಗಂಡಸರು ತೀರ್ಮಾನ ಮಾಡಿದರು. ಮಾರನೆಯ ದಿನ ಬಂದ ಗ್ರೈಂಡರನ್ನು ಆಟೋದಿಂದ ಇಳಿಸಲು ಬೀದಿಯವರನ್ನೆಲ್ಲ ಕೂಗಬೇಕಾಯಿತು. ಕಲ್ಯಾಣ ಮಂಟಪಕ್ಕೆ ಇಡಬೇಕಾದ ಯಂತ್ರ! ನಮ್ಮ ಮೂವರ ದೋಸೆ ಹಿಟ್ಟು ಅದರ ತಳಕ್ಕೂ ಅಂಟುವುದಿಲ್ಲ. ಈಗ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಕಾರ್ಯವಾದರೂ ಅಕ್ಕಿ ಉದ್ದು ನೆನೆಹಾಕಿಕೊಂಡು ನಮ್ಮ ಮನೆಗೇ ಬರುತ್ತಾರೆ. ರುಬ್ಬಿಕೊಂಡು, ನನಗೂ ಒಂದು ಡಬ್ಬಿ ಹಿಟ್ಟು ಬಿಟ್ಟು ಹೋಗುತ್ತಾರೆ. ನಾನು ನಮ್ಮ ಮನೆಗೆಂದು ರುಬ್ಬಿ ಎಷ್ಟು ಕಾಲವಾಯಿತೋ! ಕೃಪೆ ಯಾವ ಬಾಗಿಲಿನಿಂದ ಬರುತ್ತದೆ ಎಂದು ಯಾರು ಬಲ್ಲರು? ನಮ್ಮ ಮನೆಗಂತೂ ಅದು ಆಟೋದಲ್ಲಿ ಬಂತು.

ಇಂಥವರ ಜೊತೆ ಬಾಳುವೆ ಮಾಡುತ್ತಿರುವ ಅಕ್ಕನ ಬಗ್ಗೆ ಹೇಳಲೇಬೇಕು. ಭಾವನವರ ಹೆಂಡತಿ, ನನ್ನ ಓರಗಿತ್ತಿ, ನನಗೆ ಅಕ್ಕ. ಗಟ್ಟಿ ಹೆಂಗಸು. ಭಾವನವರು ಊಟಕ್ಕೆ ಕೂತು "ಪಲ್ಯಕ್ಕೆ ಉಪ್ಪು ಕಡಿಮೆ" ಎಂದರೆ, "ಬರೆದು ಕೊಡಿ, ಮುಂದಿನ ಸಭೇಲಿ ಇಡ್ತೀನಿ" ಎನ್ನುತ್ತಾಳೆ. ಅವರಿಗೆ ಮಕ್ಕಳಿಲ್ಲ. ಜ್ಞಾನಭಾರತಿಯಲ್ಲಿ ಎಂ.ಎ. ಓದುತ್ತಿರುವ ನನ್ನ ಮಗಳು ನನಗಿಂತ ಹೆಚ್ಚು ಅವರ ಮಗಳೇ. ಕ್ಲಾಸು ಮುಗಿಸಿ ನೇರ ದೊಡ್ಡಮ್ಮನ ಅಡುಗೆಮನೆಗೆ ಹೋಗಿ, ತಟ್ಟೆ ಮುಂದಿಟ್ಟುಕೊಂಡು ನನಗೆ ಫೋಟೋ ಕಳಿಸುವಂಥವಳು.

ಆ ಅಕ್ಕನಿಗೆ ಹೊಟ್ಟೆನೋವು ಬಂತು. ಗ್ಯಾಸು ಎಂದಳು. ಶುಂಠಿ ಎಂದಳು, ಓಮದ ನೀರು ಎಂದಳು. ನಾನು ಗದರಿದ ಮೇಲೆ ನಿಜ ಹೇಳಿದಳು. "ಇವರಿಗೆ ಹೇಳಿದ್ರೆ ಊರಿನ ಡಾಕ್ಟ್ರುಗಳ ಜಾತಕ ಎಲ್ಲಾ ತರಿಸ್ತಾರೆ ಕಣೇ. ಅಷ್ಟರಲ್ಲಿ ನೋವು ತಾನಾಗೇ ಬೇಜಾರಾಗಿ ಹೋಗುತ್ತೆ ಅಂತ ಕಾಯ್ತಾ ಇದೀನಿ."

ನೋವು ಬೇಜಾರಾಗಲಿಲ್ಲ. ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು. ಪಿತ್ತಕೋಶವನ್ನೇ ತೆಗೆಸಿಬಿಡಿ, ಈಗೆಲ್ಲ ಸಣ್ಣ ತೂತಿನಲ್ಲೇ ಆಗಿಹೋಗುತ್ತದೆ, ತಡ ಮಾಡಬೇಡಿ ಎಂದರು ಬೀದಿಯ ಕೊನೆಯ ಕ್ಲಿನಿಕ್ಕಿನ ಡಾಕ್ಟರು. ಭಾವನವರು ಸರ್ಜನ್ ಹುಡುಕಲು ಶುರುಮಾಡಿದರು.

ಒಬ್ಬರ ಹಿನ್ನೆಲೆ ಉದ್ದವಾಯಿತು. "ಇಷ್ಟೊಂದು ಸಂಘದಲ್ಲಿ ಪದಾಧಿಕಾರಿ ಆಗಿದಾರೆ. ಆಪರೇಶನ್ ಯಾವಾಗ ಮಾಡ್ತಾರೆ ಇವರು?" ಇನ್ನೊಬ್ಬರದು ಗಿಡ್ಡವಾಯಿತು. "ಒಂದೇ ಆಸ್ಪತ್ರೇಲಿ ಇದ್ದೋರು. ಲೋಕಾನುಭವ ಬೇಡ್ವಾ?" ಮತ್ತೊಬ್ಬರದು ಉದ್ದವೂ ಅಲ್ಲ, ಗಿಡ್ಡವೂ ಅಲ್ಲ, ಅಚ್ಚುಕಟ್ಟಾಗಿತ್ತು. ಅದೇ ಅನುಮಾನಕ್ಕೆ ಕಾರಣವಾಯಿತು! ಅಕ್ಕ ಹೊಟ್ಟೆ ಹಿಡಿದುಕೊಂಡೇ ನಮ್ಮ ಯಜಮಾನರನ್ನು ಕೇಳಿದಳು, "ಅಲ್ಲಪ್ಪ, ನಿಮ್ಮಣ್ಣ ನನಗೆ ಡಾಕ್ಟ್ರನ್ನ ಹುಡುಕ್ತಿದಾರೋ, ವರ ಹುಡುಕ್ತಿದಾರೋ?"

ನಾವೆಲ್ಲ ನಕ್ಕೆವು. ಭಾವನವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಇನ್ನೊಬ್ರು ಇದಾರೆ, ವಿಚಾರಿಸ್ತೀನಿ" ಎಂದರು. ಹೀಗೇ ಶ್ರಾವಣ ಬಂತು.

ಶ್ರಾವಣ ಸೋಮವಾರದ ಪೂಜೆಗೆ ಅಕ್ಕ ನಮ್ಮ ಮನೆಗೆ ಬಂದಿದ್ದಳು. ನೈವೇದ್ಯಕ್ಕೆ ಕಡುಬು ಕಟ್ಟುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಅಡುಗೆಮನೆಯ ಕಟ್ಟೆ ಹಿಡಿದು ಬಗ್ಗಿದಳು. ಹಣೆ ಮುಟ್ಟಿದರೆ ಕೆಂಡ. ನಾನೂ ಯಜಮಾನರೂ ಆಟೋ ಹಿಡಿದು, ಹತ್ತಿರದಲ್ಲಿದ್ದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಓಡಿದೆವು. ಯಾರ ಹಿನ್ನೆಲೆಯನ್ನೂ ಯಾರೂ ಕೇಳಲಿಲ್ಲ. ಮಗಳು ಕ್ಲಾಸು ಬಿಟ್ಟು, ಮನೆಗೆ ಹೋಗಿ ಬೆಂದಿದ್ದ ಕಡುಬನ್ನು ಡಬ್ಬಿಗೆ ತುಂಬಿಕೊಂಡು ಬಂದಳು. ಕೊನೆಗೆ ಬಸವೇಶ್ವರನಗರದಿಂದ ಭಾವನವರು ಬಂದರು. ನೋಡುತ್ತೇನೆ, ಅಂಗಿಯ ಜೇಬಿನಲ್ಲಿ ಒಂದೂ ಪೆನ್ನಿಲ್ಲ!

ಅಕ್ಕನನ್ನು ನೋಡಿದ ಸರ್ಜನ್ ಒಬ್ಬಳು ಹುಡುಗಿ. ಹುಡುಗಿ ಎಂದರೆ ನನ್ನ ಕಣ್ಣಿಗೆ. ಎರಡು ಮಕ್ಕಳ ತಾಯಿ ಎಂದು ಆಮೇಲೆ ತಿಳಿಯಿತು. ನೇರವಾಗಿ ಹೇಳಿದಳು.

"ಪಿತ್ತಕೋಶಕ್ಕೆ ಸೋಂಕಾಗಿ ಊದ್ಕೊಂಡಿದೆ. ನಾಳೆ ಬೆಳಿಗ್ಗೆನೇ ತೆಗೆದುಬಿಟ್ರೆ ಒಳ್ಳೇದು. ಇನ್ನೂ ಬಿಟ್ರೆ ಒಳಗೇ ಒಡೆಯೋ ಅಪಾಯ ಇದೆ. ಬೇರೆ ಕಡೆ ಕರ್ಕೊಂಡು ಹೋಗೋ ಹಾಗಿದ್ರೂ ಪರವಾಗಿಲ್ಲ, ಆದ್ರೆ ಇವತ್ತೇ ಹೋಗಿ. ಮನೆಯವರು ಮಾತಾಡ್ಕೊಳ್ಳಿ, ನಾನು ಪಕ್ಕದ ವಾರ್ಡ್ ನೋಡ್ಕೊಂಡು ಬರ್ತೀನಿ."

ಅವಳು ಹೋದಳು. ನಾವೆಲ್ಲ ಭಾವನವರ ಮುಖ ನೋಡಿದೆವು. ಇಷ್ಟು ದಿನ ನಮ್ಮ ಹಲ್ಲಿಗೂ ಕಣ್ಣಿಗೂ ಮಂಡಿಗೂ ತೀರ್ಮಾನ ಕೊಟ್ಟವರು ಅವರೇ ತಾನೆ? ಇಲ್ಲೇ ಮಾಡಿಸುವುದೋ, ಬೇರೆ ಕಡೆ ಹೋಗುವುದೋ, ಹೇಳಬೇಕಾದವರು ಅವರು. ಭಾವನವರು ಎದ್ದು ನಿಂತರು. ಸಭೆಯಲ್ಲಿ ನಿಲ್ಲುವ ಹಾಗೆ ನೆಟ್ಟಗೆ ನಿಂತರು. ಗಂಟಲು ಸರಿಮಾಡಿಕೊಂಡರು.

"ಈ ವಿಷಯದಲ್ಲಿ ನನಗೆ ಹಿತಾಸಕ್ತಿ ಇದೆ" ಎಂದರು. "ನಾನು ಇಲ್ಲಿರೋ ಹಾಗಿಲ್ಲ."

ಬಾಗಿಲು ತೆರೆದು ಆಚೆ ಹೋಗಿಯೇಬಿಟ್ಟರು!

ಮಂಚದ ಮೇಲೆ ಅಕ್ಕ ಕಣ್ಣು ಮುಚ್ಚಿಕೊಂಡಳು. ಕೊನೆಗೆ ನಮ್ಮ ಯಜಮಾನರು ಎದ್ದರು. "ಅಣ್ಣ ಹೇಳೋದು ಸರಿಯಾಗಿದೆ. ಅತ್ತಿಗೆ ಕೈ ರೊಟ್ಟಿ ತಿಂದೇ ನಾನು ಡಿಗ್ರಿ ಮುಗಿಸಿದ್ದು. ನನಗೂ ಇದೆ" ಎಂದು, ಫೋನು ಬಂದವರ ಹಾಗೆ ಮೊಬೈಲು ಕಿವಿಗಿಟ್ಟುಕೊಂಡು ಹೊರಟರು. ಫೋನು ಬಂದಿರಲಿಲ್ಲ. ಮಗಳು ದೊಡ್ಡಮ್ಮನ ಕಾಲು ಮುಟ್ಟಿ ನೋಡಿದಳು. "ನನಗಂತೂ ಎಲ್ರಿಗಿಂತ ಜಾಸ್ತಿ ಇದೆ" ಎಂದು ಅವಳೂ ಓಡಿದಳು.

ಉಳಿದವಳು ನಾನು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ತಟ್ಟಿದ ಜೋಳದ ರೊಟ್ಟಿ ಭೂಪಟದ ಹಾಗಿರುತ್ತಿತ್ತು. ಅತ್ತೆಯವರ ತಟ್ಟೆಗೆ ಅಕ್ಕ ತನ್ನ ದುಂಡು ರೊಟ್ಟಿಗಳನ್ನು ಹಾಕಿ, "ಇವು ಚಿಕ್ಕ ಸೊಸೆ ತಟ್ಟಿದ್ದು" ಎನ್ನುತ್ತಿದ್ದಳು. ನನ್ನ ಭೂಪಟಗಳನ್ನು ತಾನು ತಿನ್ನುತ್ತಿದ್ದಳು. ಹೇಳಿ, ನಾನು ಯಾವ ಮುಖ ಇಟ್ಟುಕೊಂಡು ಆ ಕೋಣೆಯಲ್ಲಿ ಕೂರಲಿ? ನಾನೂ ಎದ್ದೆ. ಸೆರಗು ಹಿಡಿದು ಎಳೆದ ಹಾಗಾಯಿತು.

"ನೀನೆಲ್ಲಿಗೆ ಹೊರಟೆ?" ಅಕ್ಕ ಕಣ್ಣು ಬಿಟ್ಟಿದ್ದಳು.

"ನನಗೂ ಹಿತಾಸಕ್ತಿ ಇದೆ ಅಕ್ಕ."

"ಎಲ್ರಿಗಿಂತ ಜಾಸ್ತಿ ಇರೋದು ನನಗೆ ಕಣೇ! ಹೊಟ್ಟೆ ನಂದು! ಹಾಗಾದ್ರೆ ನಾನೂ ಆಚೆ ಬರ್ತೀನಿ ನಡಿ. ಆ ಡ್ರಿಪ್ ಬಾಟ್ಲು ಹಿಡ್ಕೋ."

ನನಗೆ ಅಳುವಿನ ನಡುವೆ ನಗು ನುಗ್ಗಿ ಬಂತು. ಅಕ್ಕನಿಗೂ ಬಂತು. ಅವಳಿಗೆ ನಕ್ಕರೆ ನೋವು. "ನಗಿಸ್ಬೇಡ್ವೇ, ನಗಿಸ್ಬೇಡ" ಎಂದು ಹೊಟ್ಟೆ ಅದುಮಿಕೊಂಡು ನಗುತ್ತಾಳೆ! ಹೊರಗೆ ಕಾರಿಡಾರಿನಲ್ಲಿ ಸೆಕ್ಯೂರಿಟಿಯವನು ನಮ್ಮವರನ್ನು ಕೇಳುವುದು ಕೇಳಿಸಿತು. "ಯಾಕೆ ಸಾರ್ ಎಲ್ಲಾ ಆಚೆ ನಿಂತಿದೀರಾ? ಒಳಗೆ ಡಾಕ್ಟ್ರು ಇದಾರಾ?" ನಮ್ಮ ಯಜಮಾನರ ದನಿ: "ಇಲ್ಲಪ್ಪ. ಒಳಗೆ ಪೇಷಂಟ್ ಇದಾರೆ."

ಅಷ್ಟರಲ್ಲಿ ಸರ್ಜನ್ ಬಂದಳು. ಖಾಲಿ ಕುರ್ಚಿಗಳನ್ನು ನೋಡಿದಳು, ನಗುತ್ತ ಅಳುತ್ತ ಇದ್ದ ನಮ್ಮಿಬ್ಬರನ್ನು ನೋಡಿದಳು.

"ಏನ್ ತೀರ್ಮಾನ ಮಾಡಿದ್ರಿ ಆಂಟಿ?"

"ಅವರು ಯಾರೂ ಮಾಡಲ್ಲಮ್ಮ. ನಾನೇ ಮಾಡ್ತೀನಿ" ಎಂದಳು ಅಕ್ಕ. "ಆದ್ರೆ ಒಂದು ಪ್ರಶ್ನೆ ಇದೆ, ಬೇಜಾರು ಮಾಡ್ಕೋಬಾರ್ದು."

ಗಂಡನ ಗ್ರಹ ಹೆಂಡತಿಗೂ ಬಡಿಯಿತೇ? ಇನ್ನು ಈ ಹುಡುಗಿಯ ತಂದೆ, ತಾತ, ಪಿಯುಸಿ ಎಲ್ಲ ಬರುತ್ತವೆ ಎಂದುಕೊಂಡೆ.

"ಕೇಳಿ ಆಂಟಿ."

"ಊಟ ಮಾಡಿದೀಯಾ?"

ಸರ್ಜನ್‌ಗೆ ಉತ್ತರ ಗೊತ್ತಿರಲಿಲ್ಲವೋ ಏನೋ, ಗೋಡೆಯ ಗಡಿಯಾರ ನೋಡಿದಳು. "ಇಲ್ಲ ಆಂಟಿ. ಬೆಳಿಗ್ಗೆಯಿಂದ ಟೈಮೇ ಆಗಿಲ್ಲ."

"ನೋಡಿದ್ಯಾ!" ಎಂದು ಅಕ್ಕ ನನಗೆ ಗದರಿದಳು, ನಾನೇ ಉಪವಾಸ ಕೆಡವಿದ ಹಾಗೆ. "ಮನೆಯಿಂದ ಮಗೂ ಹತ್ರ ತರಿಸಿದ ಡಬ್ಬಿ ಇದೆಯಲ್ಲ, ತೆಗೆದುಕೊಡು. ಕಡುಬಿದೆ. ಕೂತ್ಕೊಂಡು ತಿನ್ನಮ್ಮ. ತಿಂದು ಚೆನ್ನಾಗಿ ಮಲಗಿ ಎದ್ದು ಬಾ. ನಾಳೆ ನೀನೇ ಮಾಡು, ನಾನು ಒಪ್ಪಿದೀನಿ."

ಸರ್ಜನ್ ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡು ಕೂತು, ನಿಜವಾಗಿಯೂ ಎರಡು ಕಡುಬು ತಿಂದಳು. ನೈವೇದ್ಯಕ್ಕೆಂದು ಮಾಡಿದ್ದು ಆ ಮಗುವಿನ ಹೊಟ್ಟೆ ಸೇರಿತು. ಪೂಜೆ ಅರ್ಧಕ್ಕೆ ನಿಂತಿತಲ್ಲ ಎಂದು ಬೆಳಗಿನಿಂದ ಒಳಗೊಳಗೇ ಕೊರಗುತ್ತಿದ್ದ ನನಗೆ ಆಗ ಸಮಾಧಾನವಾಯಿತು.

ತೀರ್ಮಾನ ತಿಳಿಸಲು ಭಾವನವರನ್ನು ಹುಡುಕಿಕೊಂಡು ಹೋದೆ. ಕಾರಿಡಾರಿನಲ್ಲಿ ಇರಲಿಲ್ಲ. ಗೇಟಿನ ಪಕ್ಕದಲ್ಲಿ ಒಂದು ಪುಟ್ಟ ಗಣಪನ ಗುಡಿ ಇದೆ. ಅದರ ಮುಂದೆ ಕೈಮುಗಿದು ನಿಂತಿದ್ದರು. ಹಿಂದಿನಿಂದ ಮಾತು ಕೇಳಿಸಿತು.

"ಶ್ರೀಮತಿಯವರು..." ಎಂದು ಶುರುಮಾಡಿದರು. ಓದುವ ದನಿಯೇ. ನಿಂತುಹೋಯಿತು. "ಸದರಿ ಶ್ರೀಮತಿಯವರು ಗೃಹಕೃತ್ಯದಲ್ಲಿ..." ಮತ್ತೆ ನಿಂತಿತು. ಎಷ್ಟು ದೊಡ್ಡದೊಡ್ಡವರ ಬಗ್ಗೆ ಪುಟಗಟ್ಟಲೆ ಓದಿದ ಗಂಟಲಿಗೆ ಏನಾಯಿತೋ! ಕೊನೆಗೆ, ಮಕ್ಕಳು ಹೇಳುವ ಹಾಗೆ ಸಣ್ಣದಾಗಿ, "ಒಳ್ಳೆಯವಳು ಕಣಪ್ಪಾ" ಎಂದರು. ಅಷ್ಟೇ.

ನಾನು ಬಂದ ದಾರಿಯಲ್ಲೇ ನಾಲ್ಕು ಹೆಜ್ಜೆ ಹಿಂದೆ ಹೋಗಿ, ಚಪ್ಪಲಿ ಸದ್ದು ಮಾಡುತ್ತ ಹೊಸದಾಗಿ ಬಂದೆ.

"ಅಕ್ಕ ಒಪ್ಪಿದಾಳೆ ಭಾವ. ನಾಳೆ ಬೆಳಿಗ್ಗೆ, ಇಲ್ಲೇ."

"ಹೂಂ" ಎಂದರು. "ಸಭೆ ತೀರ್ಮಾನ ಮಾಡಿದ ಮೇಲೆ ನಂದೇನಿದೆ?"

ಮರುದಿನ ಅಕ್ಕನನ್ನು ಒಳಗೆ ಕರೆದೊಯ್ದ ಮೇಲೆ ನಾವು ನಾಲ್ವರೂ ಆ ಬಾಗಿಲಿನ ಎದುರಿನ ಬೆಂಚಿನಲ್ಲಿ ಕೂತೆವು. ನಾನು ಮನಸ್ಸಿನಲ್ಲೇ ಪಂಚಾಕ್ಷರಿ ಹೇಳಿಕೊಳ್ಳುತ್ತಿದ್ದೆ. ಮಗಳು ದೊಡ್ಡಪ್ಪನನ್ನು ಮಾತಿಗೆ ಎಳೆಯಲು ನೋಡಿದಳು.

"ದೊಡ್ಡಪ್ಪ, ಅನಸ್ತೇಶಿಯ ಕೊಡೋ ಡಾಕ್ಟ್ರು ಯಾರು, ಏನು ಅಂತ ವಿಚಾರಿಸಿದ್ರಾ?"

"ಯಾರು?" ಎಂದರು ಭಾವನವರು. ಯಾವ ಡಾಕ್ಟರು, ಯಾವ ಕ್ಷೇತ್ರ, ಒಂದೂ ಅವರ ಕಿವಿಗೆ ಹೋಗಿರಲಿಲ್ಲ. ಕಣ್ಣು ಆ ಬಾಗಿಲಿನ ಮೇಲಿನ ಕೆಂಪು ದೀಪದಲ್ಲೇ ನೆಟ್ಟಿತ್ತು. ಮಗಳು ಇನ್ನೇನೂ ಕೇಳದೆ ಅವರ ತೋಳಿಗೆ ತಲೆಯಿಟ್ಟು ಕೂತಳು.

ದೀಪ ಆರಿತು. ಸರ್ಜನ್ ಬಂದಳು. ಮುಖದ ಮೇಲಿನ ಮಾಸ್ಕ್ ಇಳಿಸುವ ಮೊದಲೇ ಕಣ್ಣು ನಗುತ್ತಿತ್ತು. "ಎಲ್ಲಾ ಚೆನ್ನಾಗಾಯ್ತು. ಸರಿಯಾದ ಟೈಮಿಗೆ ತೆಗೆದ್ವಿ. ಎಚ್ಚರ ಆದ ತಕ್ಷಣ ಆಂಟಿ ಏನ್ ಕೇಳಿದ್ರು ಗೊತ್ತಾ? ನಿಮಗೆಲ್ಲ ತಿಂಡಿ ಆಯ್ತಾ ಅಂತ."

ನಮ್ಮ ಯಜಮಾನರು ಗಟ್ಟಿಯಾಗಿ ನಕ್ಕುಬಿಟ್ಟರು. ನಾನು ಶಿವನಿಗೆ ಅಲ್ಲೇ, ಆ ಫಿನಾಯಿಲ್ ವಾಸನೆಯ ನಡುವೆಯೇ ಕೈಮುಗಿದೆ. ಭಾವನವರು ಆ ಹುಡುಗಿಯ ಎರಡೂ ಕೈಗಳನ್ನು ಹಿಡಿದುಕೊಂಡು, ಅವು ಎಲ್ಲಿಯವು ಏನು ಎಂದು ಒಂದು ಪ್ರಶ್ನೆಯನ್ನೂ ಕೇಳದೆ, ಹಣೆಗೆ ಒತ್ತಿಕೊಂಡರು. ಅವಳ ಕೈಗೆ ಅಷ್ಟು ವಿಭೂತಿ ಅಂಟಿತು.

ಮಧ್ಯಾಹ್ನ ಅಕ್ಕನನ್ನು ರೂಮಿಗೆ ತಂದರು. ಭಾವನವರನ್ನು ಅಲ್ಲಿ ಬಿಟ್ಟು ನಾವು ಕೆಳಗೆ ಹೋಗಿ ಒಂದೊಂದು ಕಾಫಿ ಕುಡಿದೆವು. ನಾನು ಮೇಲೆ ಬಂದಾಗ, ಬಿ.ಪಿ. ನೋಡುವ ಯಂತ್ರ ಹಿಡಿದುಕೊಂಡು ಒಬ್ಬಳು ಸಿಸ್ಟರ್ ನನ್ನ ಮುಂದೆಯೇ ಬಾಗಿಲು ತಳ್ಳಿದಳು. ಒಳಗೆ ಭಾವನವರು ಸ್ಟೂಲಿನ ಮೇಲೆ ಕೂತಲ್ಲೇ ಬಗ್ಗಿ, ಮಂಚದ ಅಂಚಿಗೆ ತಲೆಯಿಟ್ಟು ಮಲಗಿಬಿಟ್ಟಿದ್ದರು. ಬಾಯಿ ತುಸು ತೆರೆದಿತ್ತು. ಕನ್ನಡಕವನ್ನು ಯಾರೋ ತೆಗೆದು ದಿಂಬಿನ ಪಕ್ಕ ಇಟ್ಟಿದ್ದರು. ಅಕ್ಕ ತನಗೆ ಹೊದಿಸಿದ್ದ ಹೊದಿಕೆಯ ಅರ್ಧವನ್ನು, ಸೂಜಿ ಚುಚ್ಚಿದ ಕೈಯಿಂದಲೇ, ಇಂಚಿಂಚಾಗಿ ಎಳೆದು ಅವರ ಬೆನ್ನಿನ ಮೇಲೆ ಸರಿಸುತ್ತಿದ್ದಳು.

ಸಿಸ್ಟರ್ ಯಂತ್ರ ಬಿಚ್ಚಲು ಹೋದಳು. ಅಕ್ಕ ತುಟಿಯ ಮೇಲೆ ಬೆರಳಿಟ್ಟಳು.

"ಸ್ವಲ್ಪ ಹೊತ್ತು ಬಿಟ್ಟು ಬಾಮ್ಮ" ಎಂದು ಪಿಸುಗುಟ್ಟಿದಳು. "ಈಗಷ್ಟೇ ಮಲಗಿದಾರೆ."